ತಡೆದಿದ್ದು ಯಾಕೆ ಅಂತ ಬರೆದುಕೊಡಿ: ನಮ್ಮ ಕ್ಷೇತ್ರದ ಜರ್ಮನ್ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ರೈಲಿನಲ್ಲಿ ಪೊಲೀಸರು ಚರ್ಮದ ಬಣ್ಣ ನೋಡಿ ಜನರನ್ನು ತಡೆಯುವುದರ ಬಗ್ಗೆ ಜರ್ಮನ್‌ನಲ್ಲಿ ಬರೆದ ಪತ್ರಗಳಿಗೆಲ್ಲ ನಿಮ್ಮ ಕಚೇರಿಯಿಂದ ಒಂದೇ ಉತ್ತರ ಬರುತ್ತಿದೆ. ವಿಷಾದವಿದೆಯಂತೆ, ವಿಷಯ ಗಮನದಲ್ಲಿದೆಯಂತೆ. ವರ್ಷಗಳಿಂದ ಗಮನದಲ್ಲೇ ಇದೆ. ಅದಕ್ಕೇ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಜರ್ಮನ್ ಪ್ರತಿ ಅಂಚೆಯಲ್ಲಿ ನಿಮಗೆ ಬರುತ್ತದೆ. ಈ ಕನ್ನಡದ ಪ್ರತಿ ಇಲ್ಲೇ ಸಂಸಾರ ಹೂಡಿರುವ ನಮ್ಮವರಿಗೆ.

ನಾನು ಶಿವಮೊಗ್ಗದವಳು, ಮದುವೆಯಾಗಿ ಫ್ರಾಂಕ್‌ಫರ್ಟ್‌ಗೆ ಬಂದೆ. ನನ್ನ ಮಾವನವರು ಕಪ್ಪು ಜರ್ಮನ್. 1950ರಲ್ಲಿ ಕೈಸರ್ಸ್‌ಲೌಟರ್ನ್‌ನಲ್ಲಿ ಹುಟ್ಟಿದವರು. ತಾಯಿ ಆ ಊರಿನವರೇ. ತಂದೆ ಅಮೆರಿಕ ಸೇನೆಯ ಕಪ್ಪು ಸೈನಿಕ. ಮಗು ಹುಟ್ಟುವ ಮೊದಲೇ ಅವರನ್ನು ಬೇರೆ ಕಡೆ ಕಳಿಸಿಬಿಟ್ಟರು. ಮಾವನವರು ಅಮೆರಿಕವನ್ನು ನೋಡೇ ಇಲ್ಲ.

ಎಲ್ಲಿಯವರು ಅಂತ ಯಾರಾದರೂ ಕೇಳಿದರೆ ನನಗೆ ಹೇಳೋಕೆ ಒಂದು ಊರಿದೆ. ಶಿವಮೊಗ್ಗ ಅಂದರೆ ಕೇಳಿದವರು ಸುಮ್ಮನಾಗುತ್ತಾರೆ. ಮಾವನವರು ಕೈಸರ್ಸ್‌ಲೌಟರ್ನ್ ಅಂದರೆ ಸುಮ್ಮನಾಗುವುದಿಲ್ಲ. ‘ಅದಲ್ಲ, ನಿಜವಾಗಿ ಎಲ್ಲಿಯವರು?’ ಅನ್ನುತ್ತಾರೆ. ಬೇರೆ ಊರೇ ಇಲ್ಲದ ಮನುಷ್ಯ ಏನಂತ ಹೇಳಬೇಕು?

ಕಳೆದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಮಣ್ಣು ಅವರ ತವರೂರಿನಲ್ಲಿ ಎಂದು ತೀರ್ಮಾನವಾಗಿತ್ತು. ನನ್ನ ಗಂಡ ವ್ಯವಸ್ಥೆ ನೋಡಲು ಮುಂಚೆಯೇ ಹೋಗಿದ್ದರು. ಮಾವನವರು, ನಾನು ರೈಲಿನಲ್ಲಿ ಹೊರಟೆವು. ಅವರು ಕಪ್ಪು ಕೋಟು ಹಾಕಿದ್ದರು. ಮಡಿಲಲ್ಲಿ ಗೋರಿಗೆ ಇಡುವ ಹೂವಿತ್ತು. ಬೋಗಿ ತುಂಬ ಜನ. ಇಬ್ಬರು ಪೊಲೀಸರು ಯಾರನ್ನೂ ಮಾತಾಡಿಸದೆ ನೇರ ಮಾವನವರ ಬಳಿ ಬಂದರು. ಗುರುತಿನ ಚೀಟಿ ಕೇಳಿದರು. ಕೊಟ್ಟರು. ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲಿಗೆ ಹೋಗುತ್ತಿದ್ದೀರಿ ಅಂದರು. ‘ನನ್ನ ಹೆಂಡತಿಯನ್ನು ಮಣ್ಣು ಮಾಡೋಕೆ’ ಅಂದರು ಮಾವನವರು. ಆದರೂ ಮುಂದಿನ ನಿಲ್ದಾಣದಲ್ಲಿ ಇಳಿಸಿದರು. ಪ್ಲಾಟ್‌ಫಾರ್ಮ್ ಮೇಲೆ ಚೀಲ ಬಿಚ್ಚಿಸಿದರು. ಫೋನ್ ಮಾಡಿ ಚೀಟಿ ಅಸಲಿಯೇ ಅಂತ ವಿಚಾರಿಸಿದರು. ಅಸಲಿಯೇ ಆಗಿತ್ತು. ಅಷ್ಟರಲ್ಲಿ ನಮ್ಮ ರೈಲು ಹೋಗಿತ್ತು.

ನಾವು ತಲುಪುವ ಹೊತ್ತಿಗೆ ಪ್ರಾರ್ಥನೆ ಮುಗಿದಿತ್ತು. ಸ್ಮಶಾನದಲ್ಲಿ ಮುಂದಿನ ಕುಟುಂಬ ಕಾಯುತ್ತಿತ್ತು. ನನ್ನ ಗಂಡ ಕೈಮುಗಿದು ಬೇಡಿ ಪೆಟ್ಟಿಗೆಯನ್ನು ಕೆಳಗಿಳಿಸದಂತೆ ತಡೆದಿದ್ದರು. ನಲವತ್ತಕ್ಕೂ ಹೆಚ್ಚು ವರ್ಷ ಜೊತೆಗೆ ಬಾಳಿದ ಹೆಂಡತಿಯ ಕೊನೆಯ ಪ್ರಾರ್ಥನೆ ಮಾವನವರಿಗೆ ಸಿಗಲಿಲ್ಲ. ಅದನ್ನು ಯಾರು ವಾಪಸ್ ಕೊಡುತ್ತಾರೆ?

ದೇಶದೊಳಗೆ ಅಕ್ರಮವಾಗಿ ಬರುವವರನ್ನು ತಡೆಯೋಕೆ ಈ ತಪಾಸಣೆ ಅಂದರು ಪೊಲೀಸರು. ಮಾವನವರ ಪಕ್ಕದಲ್ಲಿ ಕೂತಿದ್ದ ನಾನೇ ವಿದೇಶಿ. ನನ್ನ ಚೀಲದಲ್ಲಿ ಇದ್ದದ್ದು ಭಾರತದ ಪಾಸ್‌ಪೋರ್ಟ್. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಜನಾಂಗ, ಮೂಲ ನೋಡಿ ಯಾರಿಗೂ ತಾರತಮ್ಯ ಮಾಡಬಾರದು ಅನ್ನುವ ಜರ್ಮನ್ ಸಂವಿಧಾನದ 3ನೇ ವಿಧಿ ನಿಮಗೆ ಗೊತ್ತು. ಕಾಸೆಲ್‌ನಿಂದ ಫ್ರಾಂಕ್‌ಫರ್ಟ್‌ಗೆ ಬರುತ್ತಿದ್ದ ಕಪ್ಪು ವಿದ್ಯಾರ್ಥಿಯ ಪ್ರಕರಣದಲ್ಲಿ ಕೊಬ್ಲೆನ್ಸ್‌ನ ಮೇಲ್ಮನವಿ ನ್ಯಾಯಾಲಯ 2012ರಲ್ಲೇ ಏನು ಹೇಳಿತು ಅನ್ನುವುದೂ ಗೊತ್ತು. ಚರ್ಮದ ಬಣ್ಣ ನೋಡಿ ತಡೆಯುವಂತಿಲ್ಲ ಅಂದಿತು. ಆದರೂ ರೈಲಿನಲ್ಲಿ ಅನುಮಾನವೇ ಇಲ್ಲದೆ ಯಾರನ್ನಾದರೂ ತಡೆಯಲು ಬಿಡುವ ಫೆಡರಲ್ ಪೊಲೀಸ್ ಕಾಯ್ದೆಯ 22ನೇ ಕಲಮಿನ 1ಎ ಉಪಕಲಮು ಹಾಗೇ ಇದೆ. ಅನುಮಾನ ಬೇಡ ಅಂದ ಮೇಲೆ ಪೊಲೀಸರು ನೋಡುವುದು ಮುಖವನ್ನೇ ಅಲ್ವಾ? ತಾರತಮ್ಯ ತಡೆಯುವ 2006ರ ಸಮಾನ ನಡವಳಿಕೆ ಕಾಯ್ದೆ ಪೊಲೀಸರ ತಪಾಸಣೆಗೆ ಅನ್ವಯಿಸುವುದಿಲ್ಲ. ಹಾಗಾದರೆ ಮಾವನವರು ಯಾವ ಬಾಗಿಲು ತಟ್ಟಬೇಕು? ಕೋರ್ಟಿಗೆ ಹೋಗಿ ಅನ್ನುತ್ತೀರಿ. ತಡೆದರು ಅನ್ನುವುದಕ್ಕೆ ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲ.

ಬ್ರೆಡ್ ಕೊಂಡರೂ ರಸೀದಿ ಕೊಡಲೇಬೇಕು ಅಂತ 2020ರಿಂದ ಕಾನೂನು ಜಾರಿ ಮಾಡಿದ ದೇಶ ಇದು. ಮನುಷ್ಯನನ್ನು ರೈಲಿನಿಂದ ಇಳಿಸಿದರೆ ರಸೀದಿ ಬೇಡವೇ? ಬ್ರೆಮೆನ್ ರಾಜ್ಯದಲ್ಲಿ ಕೇಳಿದರೆ ಪೊಲೀಸರು ಕಾರಣ ಬರೆದುಕೊಡಬೇಕು. ಅಲ್ಲಿ ಆಗುವುದು ದೇಶಕ್ಕೆಲ್ಲ ಯಾಕೆ ಆಗುವುದಿಲ್ಲ?

ಮಾವನವರಿಗೆ ಎರಡು ವರ್ಷವಿದ್ದಾಗ, 1952ರ ಮಾರ್ಚ್‌ನಲ್ಲಿ, ನಿಮ್ಮದೇ ಸಂಸತ್ತಿನಲ್ಲಿ ಕಪ್ಪು ಸೈನಿಕರಿಗೆ ಹುಟ್ಟಿದ ಇಂಥ ಮಕ್ಕಳ ಬಗ್ಗೆ ಚರ್ಚೆ ನಡೆಯಿತು. 3,093 ಮಕ್ಕಳು ಅಂತ ಲೆಕ್ಕ ಹೇಳಿದರು. ಈ ದೇಶದ ಹವೆಯೇ ಇವರಿಗೆ ಒಗ್ಗುವುದಿಲ್ಲ, ತಂದೆಯರ ದೇಶಕ್ಕೆ ಕಳಿಸುವುದು ಮೇಲಲ್ಲವೇ ಎಂಬ ಮಾತು ಬಂತು. ಅದೇ ಹವೆಯಲ್ಲಿ, ಮಳೆ ಹಿಮ ಎನ್ನದೆ, ಮಾವನವರು ರೈಲು ಹಳಿ ರಿಪೇರಿ ಮಾಡುತ್ತಾ ನಿವೃತ್ತರಾದರು. ಅದಕ್ಕೂ ಹಿಂದೆ, 1937ರಲ್ಲಿ, ನಾಜಿಗಳು ರೈನ್‌ಲ್ಯಾಂಡಿನ ಸುಮಾರು 400 ಕಪ್ಪು ಮಕ್ಕಳಿಗೆ ಗುಟ್ಟಾಗಿ ಸಂತಾನಶಕ್ತಿ ಹರಣ ಮಾಡಿದರು. ಇನ್ನೂ ಹಿಂದೆ, 1730ರ ದಶಕದಲ್ಲೇ, ಕಪ್ಪು ತತ್ವಜ್ಞಾನಿ ಆಂಟನ್ ವಿಲ್ಹೆಲ್ಮ್ ಆಮೊ ಹಾಲೆ, ಯೇನಾ ವಿಶ್ವವಿದ್ಯಾಲಯಗಳಲ್ಲಿ ತತ್ವಶಾಸ್ತ್ರ ಪಾಠ ಹೇಳುತ್ತಿದ್ದರು. ಕಪ್ಪು ಜರ್ಮನ್ನರು ನಿನ್ನೆ ಮೊನ್ನೆ ಬಂದವರಲ್ಲ. 2025ರಲ್ಲಿ ಬರ್ಲಿನ್‌ನ ಒಂದು ಬೀದಿಗೆ ಆಮೊ ಹೆಸರಿಟ್ಟಾಗ ಮಾವನವರು ಖುಷಿಪಟ್ಟರು, ನಿಜ. ಆದರೆ ಬೀದಿಗೆ ಹೆಸರಿಟ್ಟರೆ ಸಾಲದು. ಬದುಕಿರುವವರು ಆ ಬೀದಿಯಲ್ಲಿ ನೆಮ್ಮದಿಯಾಗಿ ಓಡಾಡಬೇಕು.

ವಿಷಾದ ಸಾಕು. 22ನೇ ಕಲಮಿನ 1ಎ ತೆಗೆಯಿರಿ. ತೆಗೆಯುವವರೆಗೆ, ತಡೆದ ಪ್ರತಿಯೊಬ್ಬರಿಗೂ, ಕೇಳಲಿ ಬಿಡಲಿ, ಕಾರಣ ಬರೆದ ಚೀಟಿ ಕೊಡಲೇಬೇಕೆಂದು ಕಾನೂನು ಮಾಡಿ. ನನಗೆ ಇಲ್ಲಿ ಮತವಿಲ್ಲ. ಮಾವನವರಿಗಿದೆ, ನನ್ನ ಗಂಡನಿಗಿದೆ. ಈ ಅಧಿವೇಶನದಲ್ಲಿ ತಿದ್ದುಪಡಿ ತರುತ್ತೀರೋ ಇಲ್ಲವೋ, ಮಾವನವರ ಹೆಸರಿಗೆ, ನಿಮ್ಮ ಸಹಿ ಹಾಕಿ ಬರೆದು ಕಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ನಿವಾಸಿ