ಜಗಲಿ ಲೈಟ್ ಆರಿಸಿದ ಎಲ್ಲರಿಗೂ

ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಮತ್ತು ಭಾನುವಾರ, ನಮ್ಮ ಸರ್ಕಾರಿ ಶಾಲೆಯ ಮೈದಾನದ ಸುತ್ತ ಇರುವ ಹದಿನಾಲ್ಕು ಮನೆಯವರು ಜಗಲಿಯ ಲೈಟ್ ಆರಿಸಿದರು. ಸಂಜೆ ಏಳೂಕಾಲಿಂದ ರಾತ್ರಿ ಹತ್ತರವರೆಗೆ. ಎರಡು ದಿನ. ಅವರು ಹಾಗೆ ಮಾಡದೇ ಇದ್ದಿದ್ದರೆ ನಾವು ಆ ಮೈದಾನದಲ್ಲಿ ಪರದೆ ಕಟ್ಟಿ ತೋರಿಸಿದ ಹತ್ತೊಂಬತ್ತು ಕಿರುಚಿತ್ರಗಳಲ್ಲಿ ಒಂದೂ ಯಾರಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೇ ಮೊದಲ ಧನ್ಯವಾದ ಅವರಿಗೆ.

ಇದು ಸಣ್ಣ ವಿಷಯ ಅಲ್ಲ. ಮುಸ್ಸಂಜೆ ಹೊತ್ತಿಗೆ ಮನೆ ಮುಂದೆ ಕತ್ತಲೆ ಇರಬಾರದು ಅಂತ ನಂಬಿದ ಮನೆಗಳು ಅವು. ಹಳಬರು ದೀಪ ಆರಿಸು ಅನ್ನುವ ಮಾತನ್ನೂ ಆಡುವುದಿಲ್ಲ, ದೀಪ ಶಾಂತ ಮಾಡು ಅನ್ನುತ್ತಾರೆ. ಅಂಥ ಮನೆಗಳಿಗೆ ಹೋಗಿ, ಅದರಲ್ಲೂ ಅಮಾವಾಸ್ಯೆಯ ದಿನ, "ಸ್ವಲ್ಪ ಲೈಟ್ ಆರಿಸ್ತೀರಾ" ಅಂತ ಕೇಳಬೇಕಿತ್ತು. ದಿನ ಮೊದಲೇ ನಿಗದಿಯಾಗಿತ್ತು, ಅದು ಅಮಾವಾಸ್ಯೆಯಾದದ್ದು ನಮಗೆ ಅನುಕೂಲವೇ ಆಯಿತು. ಬಯಲಲ್ಲಿ ಸಿನಿಮಾ ತೋರಿಸುವವರಿಗೆ ಬೆಳದಿಂಗಳು ಆಗುವುದಿಲ್ಲ.

ಬಯಲಿಗೆ ಯಾಕೆ ಬಂದೆವು ಅಂತ ಹಲವರು ಕೇಳಿದಿರಿ. ಪೇಟೆಯಲ್ಲಿ ನಾವು ಎರಡು ತಿಂಗಳ ಹಿಂದೆಯೇ ಗೊತ್ತು ಮಾಡಿದ್ದ ಸಭಾಂಗಣ, ಪ್ರದರ್ಶನಕ್ಕೆ ಒಂಬತ್ತು ದಿನ ಇರುವಾಗ ಇಲ್ಲ ಅಂದುಬಿಟ್ಟಿತು. ಪೋಸ್ಟರ್ ಅಚ್ಚಾಗಿ ಬಂದಿತ್ತು. ಶಿವಮೊಗ್ಗ, ಶಿಕಾರಿಪುರ, ಹೊಸನಗರ, ಶಿರಸಿ ಕಡೆಯ ಮಕ್ಕಳು ಬಸ್ ನೋಡಿಟ್ಟುಕೊಂಡಿದ್ದರು. ಆ ರಾತ್ರಿ ನಾನು ಸ್ಟುಡಿಯೋದ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಹೊಟ್ಟೆಪಾಡು ಮದುವೆ ವಿಡಿಯೋ. ಇಪ್ಪತ್ತು ವರ್ಷದಿಂದ ಸಾಗರದ ಸುತ್ತ ಬೇರೆಯವರ ಸಂಭ್ರಮ ತೆಗೆದುಕೊಟ್ಟಿದ್ದೇನೆ. ಇದೊಂದು ನಮ್ಮದೇ ಅಂತ ಅಂದುಕೊಂಡಿದ್ದ ಸಂಭ್ರಮ. ಅದು ಕೈ ತಪ್ಪಿತಲ್ಲ ಅಂತ ಹೊಟ್ಟೆಯಲ್ಲಿ ಸಂಕಟ.

ಮರುದಿನ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದವರು ಈ ಊರಿನ ಶಾಲೆಯ ಮುಖ್ಯ ಶಿಕ್ಷಕರು. "ನಮ್ಮ ಮೈದಾನ ಇದೆಯಲ್ಲ ಮಾರಾಯ್ರೇ. ವರ್ಷ ವರ್ಷಾ ಅಲ್ಲೇ ಆಟ ಆಡಿಸ್ತೇವೆ, ಸಿನಿಮಾಕ್ಕೆ ಏನಾಗ್ತದೆ?" ಅಂದರು. ಆಟ ಅಂದರೆ ನಮ್ಮಲ್ಲಿ ಯಕ್ಷಗಾನ. ಮೇಷ್ಟ್ರೇ, ನಿಮ್ಮ ಆ ಒಂದು ಮಾತು ನನ್ನನ್ನು ಎಬ್ಬಿಸಿತು. ಅದೇ ದಿನ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯವರನ್ನು ಒಪ್ಪಿಸಿದ್ದೂ ನೀವೇ.

ಎಲ್‌ಇಡಿ ವಾಲ್ ತಂದಿದ್ದರೆ ಕತ್ತಲೆಯ ಚಿಂತೆ ಇರುತ್ತಿರಲಿಲ್ಲ. ಅದರ ಬಾಡಿಗೆ ನಮ್ಮ ಕೈಗೆ ಎಟುಕಲಿಲ್ಲ. ಸಿಕ್ಕಿದ್ದು ಸ್ನೇಹಿತರೊಬ್ಬರ ಪ್ರೊಜೆಕ್ಟರ್. ಕೋಣೆಯೊಳಗೆ ಚೆನ್ನಾಗಿಯೇ ಕಾಣುತ್ತದೆ, ಬಯಲಲ್ಲಿ ಒಂದು ಬೀದಿದೀಪ ಸಾಕು ಪರದೆ ಬಿಳುಚಿಕೊಳ್ಳಲು. ಬುಧವಾರ ರಾತ್ರಿ ಪರೀಕ್ಷೆ ಮಾಡಿ ನೋಡಿದೆವು. ಮುಖಗಳೇ ಕಾಣಲಿಲ್ಲ. ಆಗ ಮನೆ ಮನೆ ಸುತ್ತುವುದು ಶುರುವಾಯಿತು.

ಮೂರನೇ ಮನೆಯ ಅಜ್ಜಿಯ ಬಗ್ಗೆ ಹೇಳಲೇಬೇಕು. ನಮ್ಮ ತಂಡದ ಹುಡುಗನೊಬ್ಬ ಅವರನ್ನು ಒಪ್ಪಿಸಲು ಒಂದು ಕಥೆ ತೆಗೆದ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು ಒಂದು ಕನ್ನಡ ಕಿರುಚಿತ್ರಕ್ಕೆ. ಮೈಸೂರಿನ ಚಿದಾನಂದ ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ ಮಾಡಿದ್ದು, ಬರೀ 16 ನಿಮಿಷದ್ದು. "ಒಬ್ಬಳು ಅಜ್ಜಿ ಊರಿನ ಕೋಳಿ ತಗೊಂಡು ಹೋಗ್ತಾಳೆ ಅಜ್ಜಿ..." ಅಂತ ಹುಡುಗ ಶುರು ಮಾಡಿದ. "ಊರಿಗೆ ಬೆಳಗೇ ಆಗೂದಿಲ್ಲ, ಅದೇ ಅಲ್ವಾ?" ಅಂತ ಅಜ್ಜಿ ಉಳಿದ ಕಥೆಯನ್ನು ತಾವೇ ಹೇಳಿ ಮುಗಿಸಿದರು. ತಮ್ಮ ಅಜ್ಜಿ ಹೇಳುತ್ತಿದ್ದ ರೀತಿಯಲ್ಲಿ, ಕೋಳಿ ಕೂಗುವ ದನಿ ಸಮೇತ. ಹುಡುಗ ಬಾಯಿ ಬಿಟ್ಟುಕೊಂಡು ಕೇಳಿದ. ಆಮೇಲೆ ಅಜ್ಜಿ ಅಂದರು, "ತುಳಸಿ ಮುಂದಿನ ದೀಪ ಇರ್ತದೆ ತಮ್ಮಾ. ಬಲ್ಬ್ ಬೇಕಾದ್ರೆ ಆರಿಸ್ತೇನೆ."

ಎರಡೂ ರಾತ್ರಿ ಪರದೆಯ ಎಡಗಡೆ, ದೂರದಲ್ಲಿ, ಆ ಒಂದು ಹಣತೆ ಉರಿಯುತ್ತಿತ್ತು. ಅದರಿಂದ ಯಾವ ಚಿತ್ರಕ್ಕೂ ತೊಂದರೆ ಆಗಲಿಲ್ಲ.

ಬೀದಿದೀಪ ತೆಗೆಸಿಕೊಟ್ಟ ಪಂಚಾಯ್ತಿಯವರಿಗೆ, ಸಮಯಕ್ಕೆ ಸರಿಯಾಗಿ ಬಂದು ಹೋದ ಲೈನ್‌ಮನ್ ಅಣ್ಣನಿಗೆ ವಂದನೆ. ಪರದೆ ಹೊಲಿದ ಟೈಲರ್ ಅಣ್ಣ, ನಾಲ್ಕು ಅಂಚಿಗೂ ಕಪ್ಪು ಬಟ್ಟೆ ಕೊಟ್ಟು ಹೊಲಿದಿರಿ, ಹೊಲಿಗೆ ಕೂಲಿ ಬೇಡ ಅಂದಿರಿ. ಗಾಳಿಗೆ ಅದು ಹಾರದ ಹಾಗೆ ಅಡಿಕೆ ಕಂಬಕ್ಕೆ ಬಿಗಿದು ಕಟ್ಟಿದವರು ಇಲ್ಲಿಯ ಯಕ್ಷಗಾನದ ತಂಡದವರು. ರಂಗಸ್ಥಳ ಕಟ್ಟಿ ಅನುಭವ ಇರುವ ಕೈಗಳು ಅವು. ಇಬ್ಬನಿ ಬಿದ್ದು ಪರದೆ ಒದ್ದೆಯಾಗಿ ಜೋಲುತ್ತದೆ, ಒಂಬತ್ತು ಗಂಟೆಗೆ ಇನ್ನೊಂದು ಸಲ ಬಿಗಿಯಬೇಕು ಅಂತ ಮೊದಲೇ ಹೇಳಿದ್ದೂ ಅವರೇ. ಹಾಗೆಯೇ ಆಯಿತು.

ಈಗ ಅಡಿಕೆ ಸುಲಿಯುವ ಅಕ್ಕಂದಿರ ವಿಷಯ. ಮೈದಾನದ ಹಿಂದೆ ಒಂದು ದೊಡ್ಡ ಮನೆಯ ಅಂಗಳದಲ್ಲಿ ಸುಗ್ಗಿ ಪೂರ್ತಿ ರಾತ್ರಿ ಅಡಿಕೆ ಸುಲಿಯುತ್ತಾರೆ. ಅಲ್ಲಿ ದೊಡ್ಡ ಲೈಟ್ ಹಾಕಿರುತ್ತಾರೆ. ಎಷ್ಟು ಸುಲಿದರೆ ಅಷ್ಟು ಕೂಲಿ. ಲೈಟ್ ಆರಿಸಿ ಅಂತ ಕೇಳಿದರೆ ಅವರ ಸಂಪಾದನೆ ಆರಿಸಿದ ಹಾಗೆ. ನಾನು ಕೇಳಲಿಲ್ಲ. ಕೇಳಬಾರದು ಅಂತ ತಂಡಕ್ಕೂ ಹೇಳಿದ್ದೆ. ನಮ್ಮ ಕಡೆ ಒಂದು ತಾಡಪಾಲು ಕಟ್ಟಿಕೊಳ್ಳಲು ಮನೆಯ ಯಜಮಾನರ ಹತ್ತಿರ ಒಪ್ಪಿಗೆ ಕೇಳಿದೆ, ಅಷ್ಟೇ. ವಿಷಯ ಕಿವಿಗೆ ಬಿದ್ದದ್ದೇ ಅಕ್ಕಂದಿರು ತಮ್ಮಲ್ಲೇ ಮಾತಾಡಿಕೊಂಡರು. ಎರಡು ದಿನ ಮಧ್ಯಾಹ್ನ ಊಟ ಮುಗಿಸಿದ ಕೂಡಲೇ ಕೆಲಸಕ್ಕೆ ಕೂತು ಏಳು ಗಂಟೆಗೆ ಎದ್ದರು. ಎದ್ದು ಮನೆಗೆ ಹೋಗಲಿಲ್ಲ, ಕಂಬಳಿ ಹೊದ್ದು ನೇರ ಮೈದಾನಕ್ಕೆ ಬಂದರು.

ಅವತ್ತು ತೋರಿಸಿದ ಮೂರನೇ ಚಿತ್ರ ಅಡಿಕೆ ಸುಲಿಯುವ ಒಬ್ಬ ತಾಯಿಯ ಕಥೆ. ಒಂಬತ್ತು ನಿಮಿಷದ್ದು. ಪದವಿ ಓದುತ್ತಿರುವ ಹುಡುಗಿಯೊಬ್ಬಳು ಮೊಬೈಲ್‌ನಲ್ಲಿ ತೆಗೆದದ್ದು. ಚಿತ್ರ ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕಂದಿರಲ್ಲಿ ಒಬ್ಬರು ಮಾತ್ರ ಎದ್ದು ನಿಂತು ಅಂದರು: "ಕಥೆ ನಮ್ದೇ. ಅತ್ತದ್ದು ಹೌದು. ಆದ್ರೆ ಆ ಹೆಂಗಸು ಮೆಟ್ಟುಗತ್ತಿ ಮೇಲೆ ಕಾಲಿಟ್ಟದ್ದು ಸರಿ ಇಲ್ಲ ತಂಗಿ. ಹಾಗೆ ಕೂತ್ರೆ ಒಂದೇ ದಿನಕ್ಕೆ ಸೊಂಟ ಬಿದ್ದುಹೋಗ್ತದೆ. ಮತ್ತೆ ಅವಳು ಅಡಿಕೆ ನೋಡ್ತಾ ಸುಲಿತಾಳೆ. ನಾವು ಅಡಿಕೆ ನೋಡೂದಿಲ್ಲ, ಕೈಗೇ ಗೊತ್ತಿರ್ತದೆ. ನಾವು ಒಬ್ಬರ ಮುಖ ಒಬ್ಬರು ನೋಡ್ತಾ ಮಾತಾಡ್ತಾ ಸುಲಿತೇವೆ."

ನಾನು ಈ ಇಪ್ಪತ್ತು ವರ್ಷದಲ್ಲಿ ಕೇಳಿದ ಅತ್ಯುತ್ತಮ ಚಿತ್ರ ವಿಮರ್ಶೆ ಇದು. ಚಿತ್ರ ತೆಗೆದ ಹುಡುಗಿ ಮೈಕ್ ಹಿಡಿದುಕೊಂಡು ಬೇಜಾರು ಮಾಡಿಕೊಳ್ಳದೆ, "ಅಕ್ಕಾ, ನನಗೆ ಕಲಿಸ್ತೀರಾ?" ಅಂತ ಕೇಳಿದಳು. ಮುಂದಿನ ವಾರ ಅವಳು ಅವರ ಜೊತೆ ಎರಡು ರಾತ್ರಿ ಕೂತು ಆ ದೃಶ್ಯ ಮತ್ತೆ ತೆಗೆಯುತ್ತಾಳೆ. ಅಕ್ಕಂದಿರೇ, ನೀವು ಕೊಟ್ಟದ್ದು ಬೇರೆ ಎಲ್ಲೂ ಸಿಗುವಂಥದ್ದಲ್ಲ. ದುಡ್ಡು ಕೊಟ್ಟು ಕಲಿಯುವ ಕಡೆಯೂ ಸಿಗುವುದಿಲ್ಲ.

ಈ ತಾಲ್ಲೂಕಿನಲ್ಲಿ ಸಿನಿಮಾ ನೋಡುವ ಅಭ್ಯಾಸ ಹಳೆಯದು ಅನ್ನುವುದನ್ನು ಇಲ್ಲಿ ಹೇಳಬೇಕು. ಹೆಗ್ಗೋಡಿನಲ್ಲಿ ನೀನಾಸಂ ಅನ್ನುವ ನಾಟಕ ಸಂಸ್ಥೆ ಶುರುವಾದದ್ದು 1949ರಲ್ಲಿ. 1970ರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರು ಮತ್ತು ಅವರ ಜೊತೆಗಾರರು ಅಲ್ಲಿ ಚಿತ್ರಸಮಾಜ ಕಟ್ಟಿದರು. ಜಪಾನಿನ, ಬಂಗಾಳದ, ಯುರೋಪಿನ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ಕೂತು ನೋಡಿದರು. ಆ ಕಾಲದಲ್ಲಿ ನೋಡಿದ ಹಿರಿಯರೊಬ್ಬರು ಎರಡೂ ರಾತ್ರಿ ನಮ್ಮ ಮೊದಲ ಸಾಲಿನಲ್ಲಿದ್ದರು, ಕಿವಿಗೆ ಮಫ್ಲರ್ ಸುತ್ತಿಕೊಂಡು. ಪ್ರತಿ ಚಿತ್ರ ಮುಗಿದಾಗಲೂ ಅದನ್ನು ಮಾಡಿದವರನ್ನು ಹತ್ತಿರ ಕರೆದು ಒಂದೊಂದು ಪ್ರಶ್ನೆ ಕೇಳಿದರು. ಹೊಗಳಲಿಲ್ಲ, ತೆಗಳಲಿಲ್ಲ. "ಆ ಬಾಗಿಲನ್ನು ಯಾಕೆ ಅಷ್ಟು ಹೊತ್ತು ತೋರಿಸಿದೆ?" ಅಂತ ಕೇಳಿ ಉತ್ತರಕ್ಕೆ ಕಾದರು. ಮಕ್ಕಳು ಅವರ ಸುತ್ತಲೇ ತಿರುಗುತ್ತಿದ್ದರು. ಅಜ್ಜಾ, ನಿಮಗೆ ನನ್ನ ನಮಸ್ಕಾರ.

ಶನಿವಾರ ಒಂದು ಎಡವಟ್ಟಾಯಿತು, ಅದಕ್ಕೆ ಕ್ಷಮೆ ಕೇಳುತ್ತೇನೆ. ಶಿಕಾರಿಪುರ ಕಡೆಯ ತಾಂಡಾದ ಹುಡುಗಿಯೊಬ್ಬಳ ಚಿತ್ರ ಲಂಬಾಣಿ ಭಾಷೆಯಲ್ಲಿತ್ತು. ಕನ್ನಡದ ಅಡಿಬರಹ ಮಾಡಿಕೊಟ್ಟಿದ್ದಳು. ಅದನ್ನು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು ಬಂದವು. ಮೊದಲೇ ಹಾಕಿ ನೋಡಬೇಕಿತ್ತು. ಅದು ನನ್ನ ತಪ್ಪು, ಅವಳದ್ದಲ್ಲ. ನಿಲ್ಲಿಸೋಣ ಅಂತ ನಾನು ಎದ್ದೆ. ಅವಳೇ ಬಂದು, "ಬೇಡ ಸರ್, ನಾನು ಹೇಳ್ತೀನಿ" ಅಂದಳು. ಪರದೆಯ ಪಕ್ಕ ನಿಂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತ ಹೋದಳು. ಹನ್ನೆರಡು ನಿಮಿಷ. ಮೊದಲು ದನಿ ನಡುಗುತ್ತಿತ್ತು. ಆಮೇಲೆ ಗಟ್ಟಿಯಾಯಿತು. ಕಬ್ಬು ಕಡಿಯಲು ಹೋದ ಅಪ್ಪ ಫೋನ್‌ನಲ್ಲಿ ಮಾತಾಡುವ ದೃಶ್ಯ ಬಂದಾಗ ಅವಳು ಅಪ್ಪನ ಮಾತನ್ನೂ ತಾನೇ ಹೇಳಿದಳು. ಮೈದಾನದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಅವತ್ತು ರಾತ್ರಿಯೇ ಕಂಪ್ಯೂಟರ್ ಸೆಂಟರಿನ ಹುಡುಗ ಕೂತು ಅಷ್ಟೂ ಅಡಿಬರಹವನ್ನು ಯೂನಿಕೋಡಿಗೆ ಬದಲಾಯಿಸಿಕೊಟ್ಟ. ಭಾನುವಾರ ಅದೇ ಚಿತ್ರವನ್ನು ಮತ್ತೆ ತೋರಿಸಿದೆವು. ಅವಳ ಅಮ್ಮ ಬಂದಿದ್ದರು. ತಂಗೀ, ನಿನ್ನ ಧೈರ್ಯಕ್ಕೆ ಏನು ಹೇಳಲಿ.

ಮುಂದಿನ ಸಲ ಚಿತ್ರ ಕಳಿಸುವವರಿಗೆ ಇನ್ನೊಂದು ಮಾತು, ಇಲ್ಲೇ ಹೇಳಿಬಿಡುತ್ತೇನೆ. ಮೊಬೈಲ್‌ನಲ್ಲಿ ತೆಗೆಯುವಾಗ ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಕಟ್ಟಿಹಾಕುವ ಆ್ಯಪ್ ಬಳಸಿ. ಫೋನ್ ತನ್ನಷ್ಟಕ್ಕೆ ಬಿಟ್ಟರೆ ಬೆಳಕು ಕಡಿಮೆ ಇದ್ದಲ್ಲಿ ಫ್ರೇಮ್ ಕಡಿಮೆ ಮಾಡುತ್ತದೆ. ಎಡಿಟ್ ಮಾಡುವಾಗ ದನಿ ಒಂದು ಕಡೆ, ತುಟಿ ಒಂದು ಕಡೆ ಆಗುತ್ತದೆ. ಈ ಸಲ ನಾಲ್ಕು ಚಿತ್ರಗಳಿಗೆ ಹೀಗಾಗಿತ್ತು. ಶಿವಮೊಗ್ಗದ ಎಡಿಟರ್ ಸ್ನೇಹಿತರು ನಿದ್ದೆ ಬಿಟ್ಟು ಸರಿ ಮಾಡಿಕೊಟ್ಟರು.

ಆ ನಾಲ್ಕರಲ್ಲಿ ಒಂದು ಲಾಂಚಿನ, ಅಂದರೆ ಹಿನ್ನೀರು ದಾಟಿಸುವ ದೊಡ್ಡ ದೋಣಿಯ ಚಿತ್ರ. ಅದರ ಬಗ್ಗೆ ಬರೆಯದೆ ಮುಗಿಸಲು ಮನಸ್ಸಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರು ಊರುಗಳನ್ನು ಮುಳುಗಿಸಿತು. ಆಚೆ ದಡದವರು ಸಾಗರ ಪೇಟೆಗೆ ಬರಲು ಲಾಂಚನ್ನೇ ನಂಬಿದ್ದರು. ಬಸ್ಸು, ಕಾರು, ಬಸುರಿಯರು, ಮದುವೆ ದಿಬ್ಬಣ, ಎಲ್ಲವೂ ಲಾಂಚಿನ ಮೇಲೆ. ಕಡೆಗೆ 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆಯಾಯಿತು. ಆಚೆ ದಡದ ವಿದ್ಯಾರ್ಥಿಯೊಬ್ಬ ಅದಕ್ಕೂ ಮುಂಚಿನ ಮಳೆಯ ದಿನಗಳಲ್ಲಿ ತನ್ನ ಅಜ್ಜಿಯನ್ನು ಲಾಂಚಿನಲ್ಲಿ ಕೂರಿಸಿಕೊಂಡು ಹೋಗಿ ಬಂದು ಚಿತ್ರ ಮಾಡಿದ್ದಾನೆ. ಹನ್ನೊಂದು ನಿಮಿಷ. ಮಾತು ಕಡಿಮೆ. ಎಂಜಿನ್ ಸದ್ದು, ಮಳೆ, ಅಜ್ಜಿಯ ಕೈಯಲ್ಲಿ ಒಂದು ಚೀಲ.

ಆ ಅಜ್ಜಿ ಭಾನುವಾರ ಬಂದಿದ್ದರು. ಸೇತುವೆ ಮೇಲೆಯೇ ಬಂದರು. ಚಿತ್ರ ನಡೆಯುವಾಗ ಲಾಂಚಿನಲ್ಲಿ ಹಿಂದೆ ಕಾಣುವ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಇವಳು ಇಂಥವರ ಸೊಸೆ, ಇವನ ಅಪ್ಪ ನಮ್ಮ ಗದ್ದೆ ಪಕ್ಕದವ, ಆ ಗದ್ದೆ ಈಗ ನೀರಲ್ಲಿದೆ. ಮೊಮ್ಮಗ ಸುಮ್ಮನಿರಲು ಹೇಳಿದ. ಯಾರೂ ಅವರನ್ನು ಸುಮ್ಮನಾಗಿಸುವುದು ಬೇಡ ಅಂತ ಹಿಂದಿನಿಂದ ಒಂದಿಬ್ಬರು ಕೂಗಿದರು. ಮುಗಿದ ಮೇಲೆ ಅಜ್ಜಿ ಕೇಳಿದರು, "ಇನ್ನೊಂದ್ಸಲ ಹಾಕ್ತೀರಾ?" ಹಾಕಿದೆವು. ಎರಡನೇ ಸಲ ಅವರು ಏನೂ ಮಾತಾಡಲಿಲ್ಲ.

ಚಿತ್ರ ಆಯ್ಕೆಯಾಗದವರಿಗೂ ನಾನು ಋಣಿ. ಸಮಯ ಇದ್ದದ್ದು ಅಷ್ಟೇ. ಬೇಡ ಅಂತ ಬಿಟ್ಟ ಚಿತ್ರಗಳಲ್ಲಿ ಮೂರು ಇನ್ನೂ ನನ್ನ ಕಣ್ಣಲ್ಲಿವೆ, ಅವರಿಗೆ ಬೇರೆಯಾಗಿ ಬರೆಯುತ್ತೇನೆ. ಅವಲಕ್ಕಿ, ಕಷಾಯ ಮಾಡಿದ ಸ್ವಸಹಾಯ ಸಂಘದವರಿಗೆ, ಕುರ್ಚಿ ಹೊತ್ತ ಹೈಸ್ಕೂಲು ಮಕ್ಕಳಿಗೆ, ಜನರೇಟರ್ ಕೊಟ್ಟು ಡೀಸೆಲ್ಲಿಗೆ ಮಾತ್ರ ದುಡ್ಡು ತೆಗೆದುಕೊಂಡ ಶಾಮಿಯಾನದವರಿಗೆ, ಕೈಲಾದಷ್ಟು ದುಡ್ಡು ಹಾಕಿದ ಪ್ರತಿಯೊಬ್ಬರಿಗೂ ಧನ್ಯವಾದ. ಪೂರ್ತಿ ಲೆಕ್ಕ ಶಾಲೆಯ ಗೇಟಿನ ಬೋರ್ಡಿನಲ್ಲಿದೆ, ನೋಡಿ.

ಭಾನುವಾರ ಕೊನೆಯ ಚಿತ್ರ ಮುಗಿದಾಗ ಹತ್ತು ಗಂಟೆ ದಾಟಿತ್ತು. ಅಮಾವಾಸ್ಯೆ. ದಾರಿ ಕಾಣುತ್ತಿರಲಿಲ್ಲ. ಯಾರೂ ಹೇಳಲಿಲ್ಲ, ಆದರೂ ಮೊದಲು ಮೂರನೇ ಮನೆಯ ಬಲ್ಬ್ ಹತ್ತಿತು. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಜನ ಚಾಪೆ ಮಡಚಿಕೊಂಡು ಆ ಬೆಳಕಿನಲ್ಲಿ ನಡೆದು ರಸ್ತೆಗೆ ಬಂದರು. ನಾನು ಪರದೆ ಬಿಚ್ಚುತ್ತ ನಿಂತು ನೋಡುತ್ತಿದ್ದೆ.

ಮೈದಾನದಲ್ಲಿ ಉಳಿದುಹೋದ ಸಾಮಾನು ಸ್ಟುಡಿಯೋದಲ್ಲಿ ಎತ್ತಿಟ್ಟಿದ್ದೇನೆ. ಕಂಬಳಿ ಎರಡು, ಒಂದಕ್ಕೆ ಕೆಂಪು ಅಂಚು. ಸ್ಟೀಲ್ ಕ್ಯಾನು ಒಂದು. ಮಗುವಿನ ನೀಲಿ ಟೊಪ್ಪಿ. ಒಂದು ಕನ್ನಡಕ, ಅದು ಇಲ್ಲದೆ ಯಾರಿಗೋ ಕಷ್ಟ ಆಗಿರುತ್ತದೆ. ಬುಧವಾರ ಬಿಟ್ಟು ಯಾವತ್ತಾದರೂ ಬನ್ನಿ. ಟೀ ಕುಡಿದು ಹೋಗಿ.