ಸ್ಯಾಫ್ರನ್ ವಾಲ್ಡನ್ ಪ್ರವಾಸ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಅಕ್ಟೋಬರ್ ತಿಂಗಳ ಮೊದಲ ಶನಿವಾರ ನಮ್ಮ ಕನ್ನಡ ತರಗತಿ ಕೊಠಡಿಯಲ್ಲಿ ನಡೆಯುವುದಿಲ್ಲ. ಅಂದು ಮಕ್ಕಳನ್ನು ಇಂಗ್ಲೆಂಡಿನ ಎಸ್ಸೆಕ್ಸ್‌ನ ಸ್ಯಾಫ್ರನ್ ವಾಲ್ಡನ್ ಪಟ್ಟಣಕ್ಕೆ ಕರೆದೊಯ್ಯುತ್ತಿದ್ದೇವೆ. ಮಕ್ಕಳನ್ನು ನಮ್ಮ ಬಳಿ ಬಿಟ್ಟು ಹೊರಡದೆ ನೀವೂ ಜೊತೆಗೆ ಬರಬೇಕೆಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ಶನಿವಾರ ಅಲ್ಲಿ ಸಂತೆಯ ದಿನ. ಜೆಫ್ರಿ ಡಿ ಮ್ಯಾಂಡವಿಲ್ ಎಂಬ ಪಾಳೆಯಗಾರ 1141ರಲ್ಲಿ ಸಾಮ್ರಾಜ್ಞಿ ಮಟಿಲ್ಡಾಳ ಅನುಮತಿ ಪಡೆದು, ಪಕ್ಕದ ನ್ಯೂಪೋರ್ಟ್‌ನಲ್ಲಿದ್ದ ಸಂತೆಯನ್ನು ತನ್ನ ಕೋಟೆಯ ಬುಡಕ್ಕೆ ತಂದುಕೊಂಡ. ಆ ಕೋಟೆಯಲ್ಲಿ ಈಗ ಉಳಿದಿರುವುದು ಚಕಮಕಿ ಕಲ್ಲಿನ ಮೋಟು ಗೋಡೆಗಳು ಮಾತ್ರ. ಸಂತೆಯಾದರೋ ಮಂಗಳವಾರ ಮತ್ತು ಶನಿವಾರ ಇಂದಿಗೂ ಸೇರುತ್ತದೆ.

ಊರಿಗೆ ಈ ಹೆಸರು ತಂದದ್ದು ಕೇಸರಿ, ಅಂದರೆ ಇಂಗ್ಲಿಷಿನ ಸ್ಯಾಫ್ರನ್. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಸುತ್ತಲಿನ ಸುಣ್ಣಕಲ್ಲಿನ ನೆಲದಲ್ಲಿ ರೈತರು ಇದನ್ನು ಬೆಳೆದರು. ಈ ಗಿಡ ಬೀಜ ಕಟ್ಟುವುದಿಲ್ಲ, ನೆಲದೊಳಗಿನ ಗೆಡ್ಡೆಯನ್ನೇ ಬಿಡಿಸಿ ನೆಡಬೇಕು. ಶರತ್ಕಾಲದಲ್ಲಿ ನೇರಳೆ ಹೂ ಬಿಡುತ್ತಿದ್ದಂತೆ, ಬಿಸಿಲೇರುವ ಮೊದಲೇ ಕಿತ್ತು, ಒಂದೊಂದು ಹೂವಿನಿಂದಲೂ ಮೂರೇ ಮೂರು ಕೆಂಪು ಎಳೆಗಳನ್ನು ಬೆರಳ ತುದಿಯಲ್ಲಿ ಬೇರ್ಪಡಿಸಿ ಒಣಗಿಸಬೇಕು. ಒಂದು ಗ್ರಾಂ ಕೇಸರಿಗೆ ಸುಮಾರು ನೂರೈವತ್ತು ಹೂ ಬೇಕು! ಬಟ್ಟೆಗೆ ಬಣ್ಣ, ಔಷಧಿ, ಅಡುಗೆ, ಎಲ್ಲಕ್ಕೂ ಇದಕ್ಕೆ ಬೇಡಿಕೆಯಿತ್ತು. ಪಟ್ಟಣದ ಲಾಂಛನದಲ್ಲಿಯೂ ಕೋಟೆ ಗೋಡೆಗಳ ನಡುವೆ ಮೂರು ಕೇಸರಿ ಹೂಗಳಿವೆ. ಹದಿನೆಂಟನೆಯ ಶತಮಾನದ ಹೊತ್ತಿಗೆ ಬೆಳೆ ಮರೆಯಾಯಿತು, ಬಾರ್ಲಿ ಮತ್ತು ಮಾಲ್ಟ್ ವ್ಯಾಪಾರ ಅದರ ಜಾಗಕ್ಕೆ ಬಂತು. ಹಬ್ಬದ ಪಾಯಸಕ್ಕೆ ಒಂದೆರಡು ಎಳೆ ಹಾಕುವ ನಮ್ಮ ಮಕ್ಕಳಿಗೆ ಆ ಎಳೆಯ ಹಿಂದಿನ ದುಡಿಮೆ ತಿಳಿಯಲೇಬೇಕು. ಅಂದು ಪ್ರತಿ ಮಗುವಿನ ಅಂಗೈಗೂ ಒಂದು ಎಳೆ ಕೇಸರಿ ಕೊಡುತ್ತೇನೆ. ಅದನ್ನು ಮೂಸಿ, ಬಿಸಿ ಹಾಲಿಗೆ ಹಾಕಿ ಬಣ್ಣ ಬಿಡುವುದನ್ನು ಅವರೇ ನೋಡಲಿ.

ಸಂತೆಯಿಂದ ಸ್ವಲ್ಪ ನಡೆದರೆ ಸೇಂಟ್ ಮೇರಿ ಚರ್ಚ್. ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜ್ ಚಾಪೆಲ್ ಕಟ್ಟಿದ ಶಿಲ್ಪಿ ಜಾನ್ ವಾಸ್ಟೆಲ್ ಇಲ್ಲೂ ಕೆಲಸ ಮಾಡಿದ್ದಾನೆ. 193 ಅಡಿ ಎತ್ತರದ ಚೂಪು ಶಿಖರ ಮಾತ್ರ ಬಹಳ ಈಚಿನದು, 1832ರದ್ದು. ಹತ್ತಿರದಲ್ಲೇ ಇರುವ ಓಲ್ಡ್ ಸನ್ ಇನ್ ಕಟ್ಟಡದ ಎದುರು ದಯವಿಟ್ಟು ಅವಸರ ಮಾಡಬೇಡಿ. ಹೊರಗೋಡೆಯ ಗಾರೆಯ ಮೇಲೆ 1676 ಎಂಬ ಇಸವಿ, ಉಬ್ಬು ಚಿತ್ತಾರ, ಎದುರುಬದುರಾಗಿ ನಿಂತ ಇಬ್ಬರು ಗಂಡಸರು. ಜನಪದ ಕಥೆಯ ಟಾಮ್ ಹಿಕಥ್ರಿಫ್ಟ್ ಮತ್ತು ಅವನು ಸೋಲಿಸಿದ ರಾಕ್ಷಸ ಇವರೇ ಎಂಬುದು ಊರಿನವರ ಮಾತು. ಯಾರು ಟಾಮ್, ಯಾರು ರಾಕ್ಷಸ ಎಂದು ಮಕ್ಕಳೇ ವಾದ ಮಾಡಲಿ, ಕನ್ನಡದಲ್ಲಿ.

ಮಧ್ಯಾಹ್ನ ಊರ ಬಯಲಿಗೆ ಹೋಗುತ್ತೇವೆ. ಅಲ್ಲಿ ಹುಲ್ಲುನೆಲದಲ್ಲಿ ಕೊರೆದ ಸುರುಳಿ ದಾರಿಯೊಂದಿದೆ. ಯೂರೋಪಿನ ಇಂತಹ ದಾರಿಗಳಲ್ಲಿ ಇದು ಅತಿ ದೊಡ್ಡವುಗಳಲ್ಲಿ ಒಂದು. 1699ರಲ್ಲಿ ಇದನ್ನು ಮತ್ತೆ ಕೊರೆಸಿದ ದಾಖಲೆ ಇದೆ. ಹದಿನೇಳು ಸುತ್ತು, ನಡೆದರೆ ಸುಮಾರು ಒಂದು ಮೈಲಿ. ಕವಲಿಲ್ಲ, ಮೋಸದ ತಿರುವಿಲ್ಲ. ಹಳೇಬೀಡಿನ ಗೋಡೆಯಲ್ಲಿ ಅಭಿಮನ್ಯು ನುಗ್ಗುವ ಚಕ್ರವ್ಯೂಹದ ಕೆತ್ತನೆಯೂ ಇಂತಹುದೇ ಸುರುಳಿ. ಅದರ ಚಿತ್ರವನ್ನು ತರಗತಿಯಲ್ಲಿ ಮೊದಲೇ ತೋರಿಸುತ್ತೇವೆ. ದಾರಿಯ ಗೆರೆ ದಾಟಿ ಅಡ್ಡ ಹಾರುವಂತಿಲ್ಲ ಎಂಬುದು ನನ್ನ ನಿಯಮ, ದೊಡ್ಡವರಿಗೂ ಅನ್ವಯಿಸುತ್ತದೆ. ಆಡ್ಲಿ ಎಂಡ್ ಅರಮನೆ ಈ ಬಾರಿ ಇಲ್ಲ. ಅದಕ್ಕೇ ಒಂದು ಇಡೀ ದಿನ ಬೇಕು.

ಇಲ್ಲಿ ಹುಟ್ಟಿ ಬೆಳೆಯುತ್ತಿರುವ ಮಕ್ಕಳಿಗೆ ಈ ನೆಲದ ಕಥೆಯನ್ನು ನಮ್ಮ ಭಾಷೆಯಲ್ಲಿ ಹೇಳಲು ಬರಬೇಕು ಎಂಬುದು ನನ್ನ ಆಸೆ. ಕನ್ನಡವೆಂದರೆ ರಜೆಯಲ್ಲಿ ಹೋಗುವ ಊರಿನ ಭಾಷೆ ಮಾತ್ರ ಎಂದು ಅವರಿಗೆ ಅನ್ನಿಸಬಾರದು. ಮರಳಿದ ಮೇಲೆ ಪ್ರತಿ ಮಗುವೂ ಕಂಡ ಒಂದು ಸಂಗತಿಯನ್ನು ಅಜ್ಜಿ ಅಥವಾ ತಾತನಿಗೆ ಫೋನಿನಲ್ಲಿ ವಿವರಿಸಬೇಕು. ತೊಡರಿದಾಗ ಪದ ಹುಡುಕಿಕೊಡಲು ನೀವು ಪಕ್ಕದಲ್ಲಿರಿ, ಆದರೆ ಕಥೆಯನ್ನು ನೀವೇ ಹೇಳಿಬಿಡಬೇಡಿ.

ರೈಲಿನಲ್ಲಿ ಬರುವವರು ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್‌ನಿಂದ ಹೊರಟು ಆಡ್ಲಿ ಎಂಡ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಪಟ್ಟಣಕ್ಕೆ ಎರಡು ಮೈಲಿ ಇರುವುದರಿಂದ ಬಸ್ ಹಿಡಿಯುವುದು ಒಳ್ಳೆಯದು. ಮಳೆಯ ಕೋಟು, ಗಟ್ಟಿ ಬೂಟು, ಬುತ್ತಿ ಇರಲಿ. ಒಪ್ಪಿಗೆ ಪತ್ರವನ್ನು ಮುಂದಿನ ಶನಿವಾರದೊಳಗೆ ತರಗತಿಯ ಶಿಕ್ಷಕರಿಗೆ ತಲುಪಿಸಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ