ಬೆಳ್ಳಿಯ ಮೇಲೆ ಹೊಣೆಗಾರನ ಹೆಸರು

ಯಾರ್ಕ್, ಇಂಗ್ಲೆಂಡ್
9 ನವೆಂಬರ್ 2025

ತೀರ್ಥರೂಪ ಅಪ್ಪಯ್ಯನವರ ಪಾದಗಳಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ಇತ್ತ ನಾನು ಕ್ಷೇಮವಾಗಿದ್ದೇನೆ. ಸಾಗರದಲ್ಲಿ ನೀವು, ಅಮ್ಮ, ಅಜ್ಜಿ, ರವಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ತಲುಪಿತು. ಹದಿಮೂರು ಗುಲಗಂಜಿಯಷ್ಟೂ ತೂಗದ ಬೆಳ್ಳಿಯ ಬಿಲ್ಲೆಗೆ ಇಲ್ಲಿಯ ಜನ ನೂರಾರು ಪೌಂಡ್ ಏಕೆ ಕೊಡುತ್ತಾರೆ, ಈ ವ್ಯಾಪಾರದಲ್ಲಿ ಮೋಸವೇನೂ ಇಲ್ಲವಷ್ಟೇ ಎಂದು ನೀವು ಕೇಳಿದ್ದೀರಿ. ಅಂಥ ಹತ್ತಿಪ್ಪತ್ತು ನಾಣ್ಯಗಳನ್ನು ತರಿಸಿಕೊಂಡು ಬೆಂಗಳೂರಿನಲ್ಲಿ ಮಾರಬಹುದೇ ಎಂದು ರವಿ ಕೆಳಗೆ ಸೇರಿಸಿದ್ದಾನೆ. ಫೋನಿನಲ್ಲಿ ಇದನ್ನೆಲ್ಲ ಹೇಳಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಭಾನುವಾರದ ಬಿಡುವಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ಮೊದಲು ನಾನು ಕೆಲಸ ಮಾಡುವ ಹಳೆಯ ನಾಣ್ಯಗಳ ಅಂಗಡಿಗೆ ಈಚೆಗೆ ಬಂದ ಒಂದು ನಾಣ್ಯವನ್ನು ನಿಮಗೆ ತೋರಿಸಬೇಕು. ಅದು ಸುಮಾರು ಸಾವಿರ ವರ್ಷದ ಹಿಂದೆ ಇಂಗ್ಲೆಂಡನ್ನು ಆಳಿದ ಆಂಗ್ಲೋ-ಸ್ಯಾಕ್ಸನ್ ರಾಜ ಎರಡನೆಯ ಎಥೆಲ್‌ರೆಡ್‌ನ ಪೆನ್ನಿ ಎಂಬ ಬೆಳ್ಳಿ ನಾಣ್ಯ. ಇಲ್ಲಿಯ ಸಂಗ್ರಾಹಕರು ಲಾಂಗ್ ಕ್ರಾಸ್ ಎಂದು ಕರೆಯುವ ಬಗೆಯದು. ಅಂದಾಜು 997ರಿಂದ 1003ರ ನಡುವೆ ಹೊಡೆದದ್ದು. ಅಗಲ ಸುಮಾರು ಎರಡು ಸೆಂಟಿಮೀಟರ್, ದಪ್ಪವೋ ಬೆರಳಿನಿಂದ ಒತ್ತಿದರೆ ಬಗ್ಗೀತು ಎನಿಸುವಷ್ಟು ತೆಳುವು. ಮುಂಬದಿಯಲ್ಲಿ ಎಡಕ್ಕೆ ಮುಖ ಮಾಡಿದ ರಾಜನ ಎದೆಮಟ್ಟದ ಚಿತ್ರವಿದೆ. ಕೂದಲು ಬರಿಯ ಗೀರುಗಳ ಸಾಲು, ಸುತ್ತಲೂ ಅವನ ಹೆಸರು ಮತ್ತು ಇಂಗ್ಲಿಷ್ ಜನರ ರಾಜನೆಂಬ ಬಿರುದು. ಹಿಂಬದಿಯಲ್ಲಿ ಅಂಚಿನವರೆಗೂ ಚಾಚಿದ ಜೋಡಿಗೆರೆಯ ಶಿಲುಬೆ, ಅದರ ಪ್ರತಿ ತೋಳಿನ ತುದಿಯಲ್ಲಿ ಮೂರು ಚಂದ್ರಕಲೆಗಳು. ಶಿಲುಬೆಯ ಸುತ್ತ ಓದಿಕೊಂಡು ಹೋದರೆ ಎರಡು ಹೆಸರುಗಳು ಸಿಗುತ್ತವೆ: ಒಂದು ಅರ್ನ್‌ಕೆಟೆಲ್ ಎಂಬ ಮನುಷ್ಯನದು, ಇನ್ನೊಂದು ಯಾರ್ಕ್ ಊರಿನದು.

ಈ ಅರ್ನ್‌ಕೆಟೆಲ್ ರಾಜನೂ ಅಲ್ಲ, ಮಂತ್ರಿಯೂ ಅಲ್ಲ. ಇಲ್ಲಿಯವರು ಮನಿಯರ್ ಎನ್ನುವ, ಆ ನಾಣ್ಯದ ಬೆಳ್ಳಿಗೂ ತೂಕಕ್ಕೂ ಉತ್ತರ ಹೇಳಬೇಕಾಗಿದ್ದ ಟಂಕಸಾಲೆಯ ಹೊಣೆಗಾರ. ನಮ್ಮ ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡು ಗೊಂಡ’ ಎಂದು ರಾಜನ ಬಿರುದು ಕನ್ನಡದಲ್ಲಿ ಇರುತ್ತದೆಯೇ ಹೊರತು ಅದನ್ನು ಹೊಡೆಸಿದ ಕಮ್ಮಟದವನ ಹೆಸರು ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಮಾತ್ರ ಎಡ್ಗರ್ ಎಂಬ ರಾಜ ಸುಮಾರು 973ರಲ್ಲಿ ನಾಣ್ಯ ಪದ್ಧತಿಯನ್ನು ಸರಿಪಡಿಸಿದ ಮೇಲೆ, ದೇಶದ ಎಲ್ಲ ಟಂಕಸಾಲೆಗಳ ಪೆನ್ನಿಗಳ ಮೇಲೂ ಒಂದು ಬದಿಗೆ ರಾಜನ ಮುಖ, ಇನ್ನೊಂದು ಬದಿಗೆ ಹೊಣೆಗಾರನ ಹೆಸರು ಮತ್ತು ಊರು ಇರಲೇಬೇಕಾಯಿತು. ಅದಕ್ಕೂ ಮುಂಚೆ ಎಥೆಲ್‌ಸ್ಟಾನ್ ರಾಜ ಗ್ರೇಟ್ಲಿ ಎಂಬಲ್ಲಿ ಮಾಡಿದ ಕಾನೂನು ಇನ್ನೂ ಕಠಿಣವಾಗಿತ್ತು: ಕಳಪೆ ನಾಣ್ಯ ಹೊಡೆದವನು ಸಿಕ್ಕಿಬಿದ್ದರೆ, ಆ ತಪ್ಪು ಮಾಡಿದ ಕೈಯನ್ನು ಕಡಿದು ಟಂಕಸಾಲೆಯ ಮೇಲೆಯೇ ತೂಗುಹಾಕಬೇಕೆಂದು ಅದರಲ್ಲಿದೆ. ಒಡವೆಯಲ್ಲಿ ಬೆರಕೆ ಹೆಚ್ಚಾಯಿತೆಂಬ ಮಾತು ಬರಬಾರದೆಂದು ಪ್ರತಿ ಆಭರಣದ ತೂಕವನ್ನೂ ಚೀಟಿಯಲ್ಲಿ ಬರೆದು ರುಜು ಹಾಕಿ ಕೊಡುವ ನಿಮಗೆ ಆ ಹೆಸರಿನ ಭಾರ ನನಗಿಂತ ಚೆನ್ನಾಗಿ ತಿಳಿಯುತ್ತದೆ.

ನಾಣ್ಯ ಹೊಡೆಯುವ ಕೆಲಸವೂ ನಿಮಗೆ ಹೊಸತೆನಿಸಲಾರದು. ಎರಡು ಕಬ್ಬಿಣದ ಅಚ್ಚುಗಳು. ಕೆಳಗಿನದರ ಚೂಪು ತುದಿಯನ್ನು ಮರದ ದಿಮ್ಮಿಯಲ್ಲಿ ಹೂತು ನಿಲ್ಲಿಸುವುದು, ಅದರ ಮೇಲೆ ಬೆಳ್ಳಿಯ ತಗಡಿನ ಬಿಲ್ಲೆ ಇಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುವುದು. ಏಟು ಓರೆಯಾಗಿ ಬಿದ್ದರೆ ಒಂದು ಅಂಚು ಮಸುಕು. ಕೈ ಅಲುಗಿ ಇನ್ನೊಂದು ಏಟು ಬಿದ್ದರೆ ಅಕ್ಷರಗಳು ಜೋಡಿಜೋಡಿ. ಹೀಗಾಗಿ ಒಂದರಂತೆ ಇನ್ನೊಂದು ನಾಣ್ಯ ಇರುವುದಿಲ್ಲ. ಇದೇ ಯಾರ್ಕಿನ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ ಹತ್ತನೆಯ ಶತಮಾನದ ಕಬ್ಬಿಣದ ಅಚ್ಚುಗಳೂ, ಅಚ್ಚು ಸರಿಯಾಗಿದೆಯೇ ಎಂದು ನೋಡಲು ಒತ್ತಿದ ಸೀಸದ ತುಂಡುಗಳೂ ದೊರೆತವು. ನಾಣ್ಯ ಲಕ್ಷಗಟ್ಟಲೆ ಹೊಡೆದರೂ ಅಚ್ಚು ಸಿಗುವುದು ಬಹಳ ಅಪರೂಪ. ನಾನು ದಿನವೂ ಮಾರಾಟಕ್ಕೆ ಪಟ್ಟಿ ಮಾಡುವ ವಸ್ತು ಇದೇ ಊರಿನ ಒಂದು ಬೀದಿಯಲ್ಲಿ ತಯಾರಾಗುತ್ತಿತ್ತೆಂಬುದು ನನಗೆ ಈಗಲೂ ರೋಮಾಂಚನ ಉಂಟುಮಾಡುತ್ತದೆ.

ಆ ಪೆನ್ನಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಬೆಳ್ಳಿಯ ಮೇಲೆ ಅಲ್ಲಲ್ಲಿ ಚಾಕುವಿನ ಮೊನೆಯಿಂದ ಕುಕ್ಕಿದ ಸಣ್ಣ ಸಣ್ಣ ಗುರುತುಗಳಿವೆ. ನೀವು ಒರೆಗಲ್ಲಿಗೆ ಉಜ್ಜಿ ನೋಡುವ ಹಾಗೆ, ಸ್ಕ್ಯಾಂಡಿನೇವಿಯದಿಂದ ಹಡಗುಗಳಲ್ಲಿ ಬಂದು ದಾಳಿ ಮಾಡುತ್ತಿದ್ದ ವೈಕಿಂಗ್ ಜನ ಬೆಳ್ಳಿಯನ್ನು ಕುಕ್ಕಿ ಪರೀಕ್ಷಿಸುತ್ತಿದ್ದರು. ಎಥೆಲ್‌ರೆಡ್‌ನ ಕಾಲದಲ್ಲಿ ಅವರ ದಾಳಿ ನಿಲ್ಲಿಸಲು ಕಪ್ಪ ಕೊಡುವುದು ವಾಡಿಕೆಯಾಗಿ, 991ರಲ್ಲಿ ಹತ್ತು ಸಾವಿರ ಪೌಂಡ್ ತೂಕದಿಂದ ಆರಂಭವಾದದ್ದು 1012ರ ಹೊತ್ತಿಗೆ ನಲವತ್ತೆಂಟು ಸಾವಿರಕ್ಕೆ ಏರಿತೆಂದು ಆ ಕಾಲದ ವೃತ್ತಾಂತದಲ್ಲಿ ದಾಖಲಾಗಿದೆ. ಒಂದು ಪೌಂಡಿಗೆ 240 ಪೆನ್ನಿ. ಆದ್ದರಿಂದಲೇ ಈ ರಾಜನ ನಾಣ್ಯಗಳು ಇಂಗ್ಲೆಂಡಿಗಿಂತ ಹೆಚ್ಚಾಗಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪವೂ ಸೇರಿದಂತೆ ಸ್ಕ್ಯಾಂಡಿನೇವಿಯದ ನೆಲದಲ್ಲಿ ಸಿಕ್ಕಿವೆ. ಕುಕ್ಕಿದ ಗುರುತು ಇರುವ ನಾಣ್ಯ ಆ ಸಮುದ್ರ ದಾಟಿ ಹೋಗಿ ಬಂದದ್ದಿರಬಹುದು ಎಂದು ತಿಳಿದವರು ಊಹಿಸುತ್ತಾರೆ. ಹೊಸಬರು ಅದನ್ನು ಊನವೆಂದು ತಿಳಿದು ಬೆಲೆ ಇಳಿಸಲು ಕೇಳುತ್ತಾರೆ. ನನಗಂತೂ ಗುರುತಿಲ್ಲದ ಪೆನ್ನಿಗಿಂತ ಇದೇ ಹೆಚ್ಚು ಇಷ್ಟ.

ಇನ್ನು ಬೆಲೆಯ ವಿಷಯ. ಬೆಳ್ಳಿಗೆಂದು ಯಾರೂ ಹಣ ಕೊಡುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ಉತ್ತರದ ನಾರ್ತಂಬ್ರಿಯ ರಾಜ್ಯದ ರಾಜರು ಹೊಡೆಸಿದ, ಬೆಳ್ಳಿ ಕಡಿಮೆಯಾಗುತ್ತ ಕೊನೆಗೆ ತಾಮ್ರವೇ ಆಗಿಹೋದ ಸ್ಟಿಕಾ ಎಂಬ ಪುಟ್ಟ ನಾಣ್ಯ ಕೆಲವು ಹತ್ತು ಪೌಂಡಿಗೆ ಸಿಗುತ್ತದೆ. ಎಥೆಲ್‌ರೆಡ್ ಅಥವಾ ಮುಂದೆ ಇಂಗ್ಲೆಂಡನ್ನು ಆಳಿದ ಕ್ನೂಟ್‌ನ ಸಾಧಾರಣ ಪೆನ್ನಿಗೆ ಕೆಲವು ನೂರು ಪೌಂಡ್. 1066ರಲ್ಲಿ ಒಂಬತ್ತೇ ತಿಂಗಳು ಆಳಿ ಹೇಸ್ಟಿಂಗ್ಸ್ ಯುದ್ಧದಲ್ಲಿ ಮಡಿದ ಹೆರಾಲ್ಡ್‌ನ ಪೆನ್ನಿ ಸಾವಿರಗಳಲ್ಲೇ ಮಾತನಾಡುತ್ತದೆ. ಇಂಗ್ಲೆಂಡಿನ ನಡುಭಾಗದ ಮರ್ಸಿಯ ರಾಜ್ಯದ ರಾಜ ಆಫನ ರಾಣಿ ಸಿನೆಥ್ರಿತ್‌ಳ ನಾಣ್ಯ ಬಂದರಂತೂ ಹರಾಜಿನ ಮನೆಗಳಲ್ಲಿ ಸ್ಪರ್ಧೆ ಏಳುತ್ತದೆ. ಆಂಗ್ಲೋ-ಸ್ಯಾಕ್ಸನ್ ರಾಣಿಯರಲ್ಲಿ ನಾಣ್ಯದ ಮೇಲೆ ಹೆಸರೂ ಮುಖವೂ ಬಂದದ್ದು ಅವಳೊಬ್ಬಳದೇ. ಒಂದೇ ರಾಜನ ಒಂದೇ ಬಗೆಯ ಪೆನ್ನಿಯಾದರೂ ಊರು ಬದಲಾದರೆ ಬೆಲೆ ಬದಲಾಗುತ್ತದೆ. ಲಂಡನ್, ಯಾರ್ಕ್, ಲಿಂಕನ್‌ನಂಥ ದೊಡ್ಡ ಟಂಕಸಾಲೆಗಳವು ಧಾರಾಳ. ಚಿಕ್ಕ ಊರಿನದು ಹತ್ತಾರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ತಮ್ಮ ಊರಿನ ಪೆನ್ನಿಯೊಂದನ್ನು ಕೊಳ್ಳಲೆಂದೇ ವರ್ಷಗಟ್ಟಲೆ ಕಾಯುವ ನಿವೃತ್ತ ಮೇಷ್ಟರುಗಳನ್ನು ನಾನು ಇಲ್ಲಿ ನೋಡಿದ್ದೇನೆ. ಅವರಿಗೆ ಮಾರುವಾಗ ಆಗುವ ಸಂತೋಷ, ಲಾಭಕ್ಕೆಂದು ಕೊಂಡು ಮುಂದಿನ ವರ್ಷವೇ ಹರಾಜಿಗೆ ಹಾಕುವವರಿಗೆ ಮಾರುವಾಗ ಆಗುವುದಿಲ್ಲ.

ಒಂದು ವಿಷಯದಲ್ಲಿ ನಮ್ಮ ಮನೆಯ ಪದ್ಧತಿಗೂ ಇಲ್ಲಿಯದಕ್ಕೂ ಪೂರ್ತಿ ವಿರೋಧ. ಕಪ್ಪಾದ ಬೆಳ್ಳಿಯನ್ನು ನೀವು ಅಂಟುವಾಳದ ನೀರಿನಲ್ಲಿ ತೊಳೆದು ಹೊಳೆಯಿಸುತ್ತೀರಿ. ಇಲ್ಲಿ ಹಾಗೆ ತೊಳೆದ ನಾಣ್ಯದ ಬೆಲೆ ಬಿದ್ದುಹೋಗುತ್ತದೆ. ಸಾವಿರ ವರ್ಷ ನೆಲದಲ್ಲಿದ್ದ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ. ಉಜ್ಜಿದರೆ ಅಕ್ಷರದ ಅಂಚು ಹೋಗುತ್ತದೆ, ಬಗ್ಗಿಸಿದರೆ ಸೀಳುತ್ತದೆ. ನಾವು ಅಂಚನ್ನಷ್ಟೇ ಹಿಡಿದು, ಮಹೋಗನಿ ಮರದ ಸಣ್ಣ ಬೀರುವಿನಲ್ಲಿ, ಗುಂಡಗೆ ಕೊರೆದ ಕುಳಿಗಳಲ್ಲಿ ಇಡುತ್ತೇವೆ. ಓಕ್ ಮರ ಕೂಡದು, ಅದರಿಂದ ಹೊರಡುವ ಆಮ್ಲದ ಆವಿ ಲೋಹವನ್ನು ಕೆಡಿಸುತ್ತದೆ.

ಮೋಸದ ಬಗ್ಗೆ ನೀವು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಇದೆ. ಎರಕ ಹೊಯ್ದ ನಕಲಿ ನಾಣ್ಯಗಳು ಬರುತ್ತವೆ. ಅಂಚಿನಲ್ಲಿ ಬೆಸುಗೆಯಂಥ ಗೆರೆ, ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಕುಳಿ ಇದ್ದರೆ ನೀವು ಒಂದೇ ನೋಟಕ್ಕೆ ಹಿಡಿಯುತ್ತೀರಿ. ಹುಷಾರಾದ ಕಳ್ಳರದನ್ನು ಹಿಡಿಯುವ ಬಗೆ ಬೇರೆ. ಒಂದೇ ಅಚ್ಚಿನಿಂದ ಹೊಡೆದ ಎರಡು ಅಸಲಿ ನಾಣ್ಯಗಳಲ್ಲಿ ಚಿತ್ರ ಒಂದೇ ಇರುತ್ತದೆ, ಅದು ಸಹಜ. ಆದರೆ ಹೊಡೆದ ಮೇಲೆ ಆದ ಗೀರು, ಕುಕ್ಕಿದ ಗುರುತು ಎರಡರಲ್ಲೂ ಒಂದೇ ಜಾಗದಲ್ಲಿ ಇರಲು ಸಾಧ್ಯವಿಲ್ಲ. ಇದ್ದರೆ ಕನಿಷ್ಠ ಒಂದಾದರೂ ನಕಲಿ. ಅದಕ್ಕಾಗಿ ಹಳೆಯ ಹರಾಜುಗಳ ಚಿತ್ರಗಳನ್ನು ಗಂಟೆಗಟ್ಟಲೆ ಹೋಲಿಸಿ ನೋಡುವುದೇ ನನ್ನ ಕೆಲಸದ ಮುಖ್ಯ ಭಾಗ.

ನಕಲಿಗಿಂತ ನನ್ನನ್ನು ಹೆಚ್ಚು ಕಾಡುವುದು ಅಸಲಿಯಾಗಿದ್ದೂ ಎಲ್ಲಿಂದ ಬಂತೆಂದು ಹೇಳಲಾಗದ ನಾಣ್ಯ. ಈಗ ಮಾರುಕಟ್ಟೆಗೆ ಹೊಸದಾಗಿ ಬರುವ ಬಹುಪಾಲು ನಾಣ್ಯಗಳು ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗಳಲ್ಲಿ ಹುಡುಕುವವರಿಂದ ಬರುತ್ತವೆ. ಹೊಲದ ಯಜಮಾನನ ಒಪ್ಪಿಗೆಯಿದ್ದರೆ ಹುಡುಕುವುದು ತಪ್ಪಲ್ಲ. ಒಂಟಿ ನಾಣ್ಯ ಸಿಕ್ಕರೆ ಸಾಮಾನ್ಯವಾಗಿ ಅದನ್ನು ಮಾರಬಹುದು. ಆದರೆ ಮುನ್ನೂರು ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ನಾಣ್ಯಗಳು ಒಂದೇ ಕಡೆ ಎರಡು ಸಿಕ್ಕರೂ 1996ರ ನಿಧಿ ಕಾಯ್ದೆಯ ಪ್ರಕಾರ ಹದಿನಾಲ್ಕು ದಿನಗಳೊಳಗೆ ಕಾರನರ್ ಎಂಬ ಅಧಿಕಾರಿಗೆ ತಿಳಿಸಬೇಕು. ವಸ್ತುಸಂಗ್ರಹಾಲಯ ಕೊಳ್ಳಲು ಬಯಸಿದರೆ ತಜ್ಞರ ಸಮಿತಿ ಬೆಲೆ ಕಟ್ಟುತ್ತದೆ. ಆ ಹಣವನ್ನು ಸಾಮಾನ್ಯವಾಗಿ ಹುಡುಕಿದವರಿಗೂ ಹೊಲದವರಿಗೂ ಅರ್ಧರ್ಧ ಹಂಚುತ್ತಾರೆ. 2019ರಲ್ಲಿ ಸಾಮರ್ಸೆಟ್‌ನ ಚ್ಯೂ ಕಣಿವೆಯಲ್ಲಿ ಸಿಕ್ಕ, ಹೆರಾಲ್ಡ್ ಮತ್ತು ಒಂದನೆಯ ವಿಲಿಯಂ ಕಾಲದ 2,584 ಬೆಳ್ಳಿ ನಾಣ್ಯಗಳಿಗೆ 2024ರಲ್ಲಿ 43 ಲಕ್ಷ ಪೌಂಡ್ ಸಂದಿತು. ಕಾನೂನಿನಂತೆ ನಡೆದವರಿಗೆ ನಷ್ಟವಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಇದಕ್ಕೆ ವಿರುದ್ಧವಾಗಿ ನಡೆದದ್ದು ಹೆರಿಫರ್ಡ್‌ಶೈರ್‌ನ ಲೆಮ್‌ಸ್ಟರ್ ಹತ್ತಿರದ ಹೊಲದಲ್ಲಿ. 2015ರಲ್ಲಿ ಇಬ್ಬರಿಗೆ ಅಲ್ಲಿ ಒಂಬತ್ತನೆಯ ಶತಮಾನದ ನಿಧಿ ಸಿಕ್ಕಿತು. ಸುಮಾರು ಮುನ್ನೂರು ನಾಣ್ಯಗಳಿದ್ದವೆಂದು ಅಂದಾಜು. ಅವರು ಯಾರಿಗೂ ತಿಳಿಸದೆ ಗುಟ್ಟಾಗಿ ಮಾರತೊಡಗಿದರು. 2019ರಲ್ಲಿ ಅವರಿಗೆ ಜೈಲು ಶಿಕ್ಷೆಯಾಗುವ ವೇಳೆಗೆ ಕೈಗೆ ಸಿಕ್ಕಿದ್ದು ಮೂವತ್ತೊಂದು ನಾಣ್ಯ ಮಾತ್ರ. ಅದೇ ನಿಧಿಯದೆಂದು ನಂಬಲಾದ 44 ನಾಣ್ಯಗಳನ್ನು ಮಾರಲು ಹೊರಟ ಇನ್ನಿಬ್ಬರಿಗೆ 2023ರಲ್ಲಿ ಡರಮ್ ನಗರದ ನ್ಯಾಯಾಲಯ ಶಿಕ್ಷೆ ವಿಧಿಸಿತು. ಹೋದದ್ದು ಬರಿಯ ಬೆಳ್ಳಿಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆ ನಿಧಿಯಲ್ಲಿ ದಕ್ಷಿಣದ ವೆಸೆಕ್ಸ್ ರಾಜ್ಯದ ರಾಜ ಆಲ್‌ಫ್ರೆಡ್ ಮತ್ತು ಮರ್ಸಿಯದ ಎರಡನೆಯ ಕೆಯೋಲ್‌ವುಲ್ಫ್, ಇಬ್ಬರೂ ಹೊಡೆಸಿದ ಒಂದೇ ವಿನ್ಯಾಸದ ಪೆನ್ನಿಗಳಿದ್ದವು: ರೋಮನ್ ಚಿನ್ನದ ನಾಣ್ಯದಿಂದ ತೆಗೆದುಕೊಂಡ, ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಸಾಮ್ರಾಟರ ಚಿತ್ರ. ವೆಸೆಕ್ಸ್‌ನ ಕಡೆಯವರು ಬರೆದ ವೃತ್ತಾಂತ ಕೆಯೋಲ್‌ವುಲ್ಫ್‌ನನ್ನು ಬುದ್ಧಿಯಿಲ್ಲದ ಸೇವಕನೆಂದು ತಳ್ಳಿಹಾಕುತ್ತದೆ; ನಾಣ್ಯಗಳಾದರೋ ಅವರಿಬ್ಬರೂ ಸಮಾನರಾಗಿ ಒಪ್ಪಂದ ಮಾಡಿಕೊಂಡಿದ್ದರೆಂದು ಸಾಕ್ಷಿ ನುಡಿಯುತ್ತವೆ. ಯಾವ ನಾಣ್ಯದ ಜೊತೆ ಯಾವುದು, ಎಷ್ಟು ಇತ್ತು ಎಂಬ ಲೆಕ್ಕದಲ್ಲಿಯೇ ಆ ಒಪ್ಪಂದದ ಕಾಲವನ್ನು ಹಿಡಿಯಬಹುದಾಗಿತ್ತು. ಮೂಲ ಹೇಳದೆ ಚೆಲ್ಲಿಹೋದ ನಾಣ್ಯ ಆ ಲೆಕ್ಕಕ್ಕೆ ಮತ್ತೆ ಬರಲಾರದು.

ಆದ್ದರಿಂದ ನಾನು ಕೆಲಸ ಮಾಡುವ ಅಂಗಡಿಯಲ್ಲಿ ಹೊಸದಾಗಿ ಸಿಕ್ಕ ನಾಣ್ಯ ಬಂದರೆ ಸಿಕ್ಕ ಊರು, ಸಿಕ್ಕ ವರ್ಷ, ಹೊಲದವರ ಒಪ್ಪಿಗೆ ಇವನ್ನು ಕೇಳದೆ ಮುಟ್ಟುವುದಿಲ್ಲ. ಮಾರುವ ಮುನ್ನ ಅದರ ಚಿತ್ರ ಮತ್ತು ತೂಕ, ಒಂಟಿಯಾಗಿ ಸಿಕ್ಕ ಇಂಥ ನಾಣ್ಯಗಳನ್ನು ದಾಖಲಿಸುವ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯಕ್ಕೆ ಹೋಗುತ್ತದೆ. ಹಳೆಯ ಸಂಗ್ರಹದಿಂದ ಬಂದದ್ದಾದರೆ, ಹಿಂದಿನ ಒಡೆಯರು ಮಸಿಯಲ್ಲಿ ಬರೆದಿಟ್ಟ ರೂಪಾಯಿಯಗಲದ ದುಂಡು ಚೀಟಿಗಳನ್ನೂ ನಾಣ್ಯದೊಂದಿಗೇ ಕೊಡುತ್ತೇವೆ. ಅರ್ನ್‌ಕೆಟೆಲ್‌ನ ಪೆನ್ನಿಯ ಕೆಳಗೆ ಅಂಥ ಎರಡು ಚೀಟಿಗಳಿದ್ದವು, ಎರಡು ಬೇರೆ ಬೇರೆ ಕೈಬರಹದವು. ಚೀಟಿಯುಳ್ಳ ನಾಣ್ಯಕ್ಕೆ ಕೊಳ್ಳುವವರು ಹೆಚ್ಚು ಹಣ ಕೊಡುತ್ತಾರೆ, ಕೊಡಬೇಕಾದದ್ದೂ ನ್ಯಾಯವೇ.

ರವಿಗೆ ಹೇಳಿ, ಅವನ ಆಲೋಚನೆ ನಡೆಯುವಂಥದ್ದಲ್ಲ. ಇಲ್ಲಿಯ ನೆಲದಲ್ಲಿ ಸಿಕ್ಕ ಹಳೆಯ ವಸ್ತುವನ್ನು ಹೊರದೇಶಕ್ಕೆ ಕಳಿಸಲು ಹಲವು ಸಂದರ್ಭಗಳಲ್ಲಿ ರಫ್ತು ಪರವಾನಗಿ ಬೇಕು. ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ಮೀರಿದ ನಾಣ್ಯ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅಲ್ಲಿ ಮಾರಾಟವಾಗದೆ ಉಳಿದರೆ ಇಲ್ಲಿಗೆ ಹಿಂದಿರುಗಿಸುವುದೂ ಕಷ್ಟ. ಅಲ್ಲದೆ ಈ ಪೆನ್ನಿಗಳನ್ನು ಓದಬಲ್ಲ, ಊರಿನ ಹೆಸರು ಕಂಡು ಕಣ್ಣರಳಿಸುವ ಕೊಳ್ಳುಗರು ಇರುವುದು ಇಲ್ಲಿ. ಅವನಿಗೆ ನಿಜವಾಗಿ ಆಸಕ್ತಿಯಿದ್ದರೆ ಕದಂಬರ, ಹೊಯ್ಸಳರ, ವಿಜಯನಗರದ ನಾಣ್ಯಗಳನ್ನು ಓದುವುದನ್ನು ಮೊದಲು ಕಲಿಯಲಿ. ಪುಸ್ತಕಗಳನ್ನು ನಾನು ಕೊಡಿಸುತ್ತೇನೆ.

ನಿಮ್ಮಲ್ಲಿಯೂ ಒಂದು ಕೋರಿಕೆಯಿದೆ. ಹೊಲ ಉಳುವಾಗ ಸಿಕ್ಕಿತೆಂದು ಹಳೆಯ ಹಣ, ವರಹಗಳನ್ನು ಕರಗಿಸಲು ತರುವವರು ಅಂಗಡಿ ಬೀದಿಗೆ ಈಗಲೂ ಬರುತ್ತಾರೆಂದು ನೀವೇ ಹೇಳಿದ್ದಿರಿ. ಅಂಥವರು ನಿಮ್ಮಲ್ಲಿಗೆ ಬಂದರೆ ದಯವಿಟ್ಟು ಮೂಸೆಗೆ ಹಾಕಬೇಡಿ. ಅದನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸಬೇಕೆಂದು ಅವರಿಗೆ ವಿವರಿಸಿ, ಯಾವ ಊರಿನ ಯಾವ ಹೊಲ ಎಂಬುದನ್ನು ಅಲ್ಲಿಯೇ ಬರೆಸಿಡಿ. ನಿಮ್ಮ ಮಾತನ್ನು ಬೀದಿಯ ಇತರರೂ ಕೇಳುತ್ತಾರೆ.

ಕೊನೆಯದಾಗಿ ನಿಮ್ಮಿಂದ ಒಂದು ಕೆಲಸ ಆಗಬೇಕು. ಈ ಪತ್ರದ ಜೊತೆ ಆ ಪೆನ್ನಿಯ ಹಿಂಬದಿಯ ದೊಡ್ಡದು ಮಾಡಿದ ಚಿತ್ರ ಇಟ್ಟಿದ್ದೇನೆ. ಅಚ್ಚು ಕೊರೆಯುವವರು ಅಕ್ಷರಗಳನ್ನು ಉಳಿಯಿಂದ ಬಿಡಿಸುತ್ತಿರಲಿಲ್ಲ, ಒಂದು ನೇರ ಗೆರೆಯ, ಒಂದು ಬಾಗಿದ ಗೆರೆಯ, ಒಂದು ಬೆಣೆಯಾಕಾರದ ಮೊಳೆಗಳನ್ನು ಬೇರೆ ಬೇರೆ ಒತ್ತಿ ಜೋಡಿಸುತ್ತಿದ್ದರೆಂದು ಇಲ್ಲಿಯ ವಿದ್ವಾಂಸರು ಹೇಳುತ್ತಾರೆ. ಪಾತ್ರೆಗಳ ಮೇಲೆ ಹೆಸರು ಕೊರೆದು ಪಳಗಿದ ನಿಮ್ಮ ಕಣ್ಣಿಗೆ ಆ ಶಿಲುಬೆಯ ತುದಿಯ ಮೂರು ಚಂದ್ರಕಲೆಗಳು ಒಂದೇ ಮೊಳೆಯಿಂದ ಮೂಡಿದವೋ, ಬೇರೆ ಬೇರೆಯೋ ಎಂಬುದನ್ನು ನೋಡಿ ಬರೆಯಿರಿ. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳು, ರವಿಗೆ ಆಶೀರ್ವಾದಗಳು.

ಇತಿ ನಿಮ್ಮ ಪ್ರೀತಿಯ ಮಗಳು,
ಸುಮಾ